ಪಟೇಲರ ಗೊಟ್ಟ

ದನಗಳಿಗೆ ಮದ್ದು ಕುಡಿಸುವ ಬಿದಿರಿನ ಗೊಟ್ಟವೊಂದು ಕೈಗೆ ಸಿಕ್ಕರೆ ಸಾಕು, ನಮ್ಮ ಕಡೆ ಪ್ರತಿಯೊಬ್ಬನೂ ಪಂಡಿತನೇ. ಐವತ್ತರ ದಶಕದ ಕೊನೆಯಲ್ಲಿ ನಾನು ಹೊಳೆನರಸೀಪುರದ ದನದ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದೆ. ರೋಗ ಕೊಂದ ದನಗಳಿಗಿಂತ ಈ ಗೊಟ್ಟ ಕೊಂದ ದನಗಳೇ ಹೆಚ್ಚೇನೋ ಅನ್ನಿಸಿ ಮೈಯೆಲ್ಲ ಉರಿಯುತ್ತಿತ್ತು. ಮೂಗುದಾರವನ್ನು ಮರದ ಕೊಂಬೆಗೆ ಎಳೆದು ಕಟ್ಟಿ, ಮೂತಿಯನ್ನು ಆಕಾಶಕ್ಕೆ ಎತ್ತಿಸಿ, ನಾಲಿಗೆಯನ್ನು ಹೊರಗೆಳೆದು ಹಿಡಿದು ಗಂಟಲಿಗೆ ಸುರಿಯುವುದು. ನಾಲಿಗೆ ಹಿಡಿದುಕೊಂಡರೆ ಪಾಪದ ಪ್ರಾಣಿ ನುಂಗುವುದಾದರೂ ಹೇಗೆ? ಸುರಿದದ್ದು ನೇರ ಉಸಿರುನಾಳಕ್ಕೆ ಇಳಿಯುತ್ತಿತ್ತು. ದನ ಕೆಮ್ಮಿದರೆ ಮದ್ದು ಹಿಡಿಯಿತು ಎಂದು ಹಿಗ್ಗುತ್ತಿದ್ದರು, ಮಹಾನುಭಾವರು!

ಹಳೇಕೋಟೆ ಕಡೆಯ ಒಂದು ಹಳ್ಳಿಯ ಪಟೇಲರು ಈ ವಿದ್ಯೆಯಲ್ಲಿ ಎತ್ತಿದ ಕೈ. ಒಂದು ಬೆಳಿಗ್ಗೆ ಅವರ ಎತ್ತು ಸತ್ತಿದೆಯೆಂದು ಹೇಳಿಕಳಿಸಿದರು. ಆಸ್ಪತ್ರೆಯ ಜವಾನನನ್ನು ಕರೆದುಕೊಂಡು ಸೈಕಲ್ ತುಳಿದೆ. ಹಳ್ಳದ ದಂಡೆಯಲ್ಲಿ ಎತ್ತು ಬಿದ್ದಿತ್ತು, ಸುತ್ತ ಊರಿಗೆ ಊರೇ ನೆರೆದಿತ್ತು. ಪಟೇಲರು ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದರು. ಊರಾಚೆಯ ಕೇರಿಯವನೊಬ್ಬ ದೂರದಲ್ಲಿ ಕೈಕಟ್ಟಿ ನಿಂತಿದ್ದ, ಪಕ್ಕದಲ್ಲಿ ಅವನ ಹೆಂಡತಿ. ಊರಲ್ಲಿ ಸತ್ತ ದನಗಳನ್ನು ಎಳೆದು ಸಾಗಿಸುವ ಚಾಕರಿ ಅವನದು, ಅದಕ್ಕೆ ಪ್ರತಿಯಾಗಿ ಚರ್ಮ ಅವನಿಗೆ.

"ಚರ್ಮದಾಸೆಗೆ ಈ ನನ್ಮಗ ಗುಲಗಂಜಿ ಮುಳ್ಳು ಚುಚ್ಚವ್ನೆ ಕಣ್ ಸಾ. ಇಸ ಅಂತ ನೀವೊಂದು ಮಾತು ಏಳ್ಬುಡಿ, ಸಂಜೆಗೆ ಇವ್ನ ಗುಡ್ಲು ಕಿತ್ತಾಕಿಸ್ತೀನಿ," ಎಂದರು ಪಟೇಲರು.

ಗುಲಗಂಜಿ ಅರೆದು ಮಾಡಿದ ಮುಳ್ಳನ್ನು ಚುಚ್ಚಿ ದನ ಕೊಲ್ಲುವವರು ಇರಲಿಲ್ಲವೆಂದಲ್ಲ. ಆದರೆ ಕೊಟ್ಟಿಗೆಯಲ್ಲಿ ಏನು ಸತ್ತರೂ ಕೇರಿಯವರ ತಲೆಗೆ ಕಟ್ಟುವುದು ಅದಕ್ಕಿಂತ ದೊಡ್ಡ ರೂಢಿಯಾಗಿತ್ತು.

"ಸಾಯುವ ಮುಂಚೆ ಏನಾಗಿತ್ತು?" ಎಂದೆ.

"ಒಟ್ಟೆ ಉಬ್ಬರ್ಸಿತ್ತು. ಅರಳೆಣ್ಣೆ, ಮೆಣಸು, ಬೆಳ್ಳುಳ್ಳಿ ಕಲ್ಸಿ ನಾನೇ ಗೊಟ್ಟ ಉಯ್ದೆ. ಉಬ್ಬರ ಇಳೀತು ಸಾ. ಆಮ್ಯಾಕೆ ಅದ್ಯಾಕೋ ಏದುಸ್ರು ಬಿಡಾಕೆ ಸುರುವಾಯ್ತು. ದಿನಾ ಇನ್ನೊಂದೊಂದು ಗೊಟ್ಟ ಉಯ್ದೆ. ನಮ್ಮಪ್ಪನ ಕೈಗುಣ ಇದು."

ಕೈಗುಣವಂತೆ ಕೈಗುಣ! ನನಗೆ ಅಲ್ಲೇ ಅರ್ಥವಾಯಿತು. ಆದರೆ ಬಾಯಿಮಾತಿಗೆ ಪಟೇಲರು ಬಗ್ಗುವ ಕುಳವಲ್ಲ.

ಚರ್ಮ ಬಿಡಿಸಿ ಒಳಮೈಯನ್ನು ಅಂಗುಲಂಗುಲ ನೋಡಿದೆ. ಮುಳ್ಳಿನ ಗಾಯವಿಲ್ಲ, ಬಾವಿಲ್ಲ. ಹೊಟ್ಟೆಯೂ ಕರುಳೂ ಶುದ್ಧವಾಗಿದ್ದವು. ಎದೆ ಬಿಚ್ಚಿದೊಡನೆ ಕೊಳೆತ ನಾತ ಮುಖಕ್ಕೆ ಹೊಡೆಯಿತು. ಶ್ವಾಸಕೋಶದ ಹಿಂಭಾಗ ಗುಲಾಬಿ ಬಣ್ಣಕ್ಕೆ ಮೆತ್ತಗಿತ್ತು. ಮುಂದಿನ ತುದಿ, ಕೆಳಭಾಗ ಕಪ್ಪಗಾಗಿ ಪಿತ್ತಜನಕಾಂಗದ ಹಾಗೆ ಗಟ್ಟಿಯಾಗಿ ಪಕ್ಕೆಲುಬಿಗೆ ಅಂಟಿಕೊಂಡಿತ್ತು. ಎರಡೂ ಕಡೆಯಿಂದ ಒಂದೊಂದು ಚೂರು ಕೊಯ್ದು ಬಕೆಟ್ಟಿನ ನೀರಿಗೆ ಹಾಕಿದೆ. ಗಾಳಿಯಾಡುತ್ತಿದ್ದ ಗುಲಾಬಿ ಚೂರು ತೇಲಿತು. ಕಪ್ಪು ಚೂರು ತಳ ಸೇರಿತು. ಉಸಿರುನಾಳವನ್ನು ಉದ್ದಕ್ಕೆ ಸೀಳಿದೆ. ನೊರೆಯ ನಡುವೆ ಎಣ್ಣೆ ಮಿನುಗುತ್ತಿತ್ತು, ಮೆಣಸಿನ ನುಚ್ಚು, ಬೆಳ್ಳುಳ್ಳಿ ಸಿಪ್ಪೆ ಮೆತ್ತಿಕೊಂಡಿದ್ದವು.

ಬೆಳ್ಳುಳ್ಳಿ ಸಿಪ್ಪೆಯನ್ನು ಚಿಮುಟದಲ್ಲಿ ಹಿಡಿದು ಪಟೇಲರ ಕಣ್ಣ ಮುಂದೆ ಒಡ್ಡಿದೆ. "ಇದು ಯಾರ ಮನೆಯ ಬೆಳ್ಳುಳ್ಳಿ?"

"ಎತ್ತು ಎಲ್ಲಾರಾ ಮೇದಿರ್ಬೌದು."

"ಮೇದದ್ದು ಹೊಟ್ಟೆಗೆ ಹೋಗುತ್ತೆ ಪಟೇಲರೇ, ಉಸಿರಿನ ಕೊಳವೆಗಲ್ಲ. ಅಲ್ಲಿಗೆ ಹೋಗಬೇಕಾದರೆ ಯಾರಾದರೂ ಕೈಗುಣ ಇರುವವರೇ ಸುರಿಯಬೇಕು."

ಜನರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಎಲ್ಲರಿಗೂ ಕೇಳಿಸುವಂತೆ ಗಟ್ಟಿಯಾಗಿ ಹೇಳಿದೆ: ವಿಷವಿಲ್ಲ, ಮುಳ್ಳಿಲ್ಲ, ಎತ್ತನ್ನು ಕೊಂದದ್ದು ಗೊಟ್ಟ. ಪಟೇಲರ ಮುಖ ಹುಳ್ಳಗಾಯಿತು. ತಪ್ಪಾಯಿತು ಅನ್ನುವ ಜಾಯಮಾನವೇ ಅವರದು? "ಅದ್ರ ಅಣೇಲಿ ಬರ್ದಿತ್ತು, ಬುಡಿ," ಎಂದು ಆ ಬಡವನ ಕಡೆ ತಿರುಗಿ ಗದರಿದರು. "ಏನ್ಲಾ ಮಕ ನೋಡ್ತಾ ನಿಂತಿದ್ದೀಯ? ಎಳ್ಕಂಡ್ ಓಗು!"

ಎಂಥ ಭಂಡತನ! ಸಂಜೆಗೆ ಬೀದಿಗೆ ಬೀಳಬೇಕಾಗಿದ್ದವನಿಗೆ ಈಗ ಅದೇ ಎತ್ತನ್ನು ಎಳೆಯುವ ಅಪ್ಪಣೆ. ಅವನು ಅಭ್ಯಾಸಬಲದಿಂದ ಒಂದು ಹೆಜ್ಜೆ ಮುಂದಿಟ್ಟೂಬಿಟ್ಟ. ಹೆಂಡತಿ ಅವನ ರಟ್ಟೆ ಹಿಡಿದು ನಿಲ್ಲಿಸಿದಳು.

"ಎಳಿಯಾಕಿಲ್ಲ ಬುದ್ಧಿ," ಎಂದಳು. "ಇವತ್ತು ಎಳುದ್ರೆ, ಮುಂದ್ಲ ಎತ್ತು ಸತ್ತಾಗ್ಲೂ ಚರ್ಮದಾಸೆ ಅಂತೀರಿ. ನಿಮ್ ಚರ್ಮ ನೀವೇ ಮಡೀಕಳಿ. ನೀವೇ ಸಾಯ್ಸಿದ್ರಿ, ನೀವೇ ಮಣ್ ಮಾಡ್ಕಳಿ."

ಗಂಡನನ್ನು ಕರೆದುಕೊಂಡು ಅವಳು ತನ್ನ ಗುಡಿಸಲಿನ ಕಡೆ ನಡೆದುಬಿಟ್ಟಳು. ಪಟೇಲರು ನನ್ನ ಮುಖ ನೋಡಿದರು. ನಾನು ಸೋಪು ಹಚ್ಚಿ ನಿಧಾನವಾಗಿ ಕೈ ತೊಳೆಯುತ್ತಾ ಇದ್ದೆ.

ಬಿಸಿಲು ಏರಿತು, ನೊಣ ಮುತ್ತಿದವು, ಬೇರೆ ಯಾರೂ ಹತ್ತಿರ ಬರಲಿಲ್ಲ. ಕೊನೆಗೆ ಪಟೇಲರೂ ಅವರ ತಮ್ಮಂದಿರೂ ಎತ್ತಿನ ಕಾಲಿಗೆ ಹಗ್ಗ ಬಿಗಿದರು. ಎಳೆಯಲು ಎರಡೂ ಕೈ ಬೇಕಾಯಿತು. ಟವೆಲ್ಲು ಮೂಗಿನಿಂದ ಜಾರಿ ಕೆಸರಿಗೆ ಬಿತ್ತು.