ಗಂಟು ಮರೆಸಿದವರು

ಆ ಭಾನುವಾರ ಸಿಂಕಿನ ಕೆಳಗಿನ ಪೈಪು ಸೋರತೊಡಗಿತು. ನನ್ನ ಯಜಮಾನರು ಮೇಲಿನ ಬಣ್ಣ ಕೆರೆದು ನೋಡಿದರೆ ಒಳಗೆ ಸುತ್ತಿದ್ದದ್ದು ಸೀರೆಯ ನೂಲು. "ನೋಡೇ, ಪೈಪಿಗೂ ಸೀರೆ ಉಡ್ಸವ್ರೆ!" ಎಂದು ನಕ್ಕರು. ನಾವಿಬ್ಬರೂ ಸೇರಿ ನಕ್ಕ ಕೊನೆಯ ದಿನ ಅದು.

ದೊಡ್ಡಬಳ್ಳಾಪುರದ ಈ ಮನೆಯನ್ನು ನಮಗೆ ಮಾರಿದವರು ಒಬ್ಬ ನೇಕಾರರು. ಬೀಗದ ಕೈ ಕೊಡುವಾಗ ಬಾಗಿಲ ಚೌಕಟ್ಟಿನ ಮೇಲೆ ಹೆಬ್ಬೆರಳು ಆಡಿಸುತ್ತಾ, "ಏನೇ ಕಟ್ಟಿದ್ರೂ ಗಂಟು ಕಾಣಬಾರ್ದು ಕಣಮ್ಮ," ಎಂದಿದ್ದರು. ಮಗ್ಗದಲ್ಲಿ ಎಳೆ ಹರಿದರೆ ಹಾಗೆ ಸೇರಿಸುವುದೇ ಜಾಣತನ. ಮನೆಯನ್ನೂ ಅವರು ಹಾಗೇ ರಿಪೇರಿ ಮಾಡಿದ್ದರು.

ಮರುದಿನ ಬೆಳಿಗ್ಗೆ ಯಜಮಾನರು ಮಹಡಿಯ ಅಂಚಿನ ಕಬ್ಬಿಣದ ಕಂಬಿಗೆ ಒರಗಿದರು. ವೆಲ್ಡಿಂಗ್ ಮಾಡಿಸಬೇಕಾದ ಕಡೆ ಆ ನೇಕಾರರು ನೂಲು ಸುತ್ತಿ, ಪುಟ್ಟಿ ಮೆತ್ತಿ, ಬಣ್ಣ ಬಳಿದಿದ್ದರು. ಕಂಬಿಯ ಜೊತೆಗೇ ಇವರೂ ಬಿದ್ದರು. ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟರು.

ತಿಥಿಯ ದಿನ ಮನೆ ಮಾರಿದ ಆ ಮನುಷ್ಯ ಬಂದರು. ಕಂಬಿಯ ಮುರಿದ ತುದಿಯ ಮೇಲೆ ಹೆಬ್ಬೆರಳು ಆಡಿಸಿದರು.

"ನಾಲ್ಕು ವರ್ಷ ನಿಂತಿತ್ತಮ್ಮ. ಒಬ್ರಿಗೂ ಗೊತ್ತಾಗ್ಲಿಲ್ಲ ನೋಡಿ."

ಆ ದನಿಯಲ್ಲಿ ಹೆಮ್ಮೆಯಿತ್ತು. ನನಗೆ ಮೈಯೆಲ್ಲ ಉರಿಯಿತು.

"ಅದು ಸೀರೆಯಲ್ಲ ಸ್ವಾಮಿ, ಕಂಬಿ! ಗಂಟು ಕಂಡಿದ್ರೆ ನಮ್ಮನೆಯವ್ರು ಅಲ್ಲಿ ಕೈ ಇಡ್ತಿದ್ರಾ? ಒಂದು ಮಾತು ಹೇಳೋಕೆ ಏನಾಗಿತ್ತು ನಿಮ್ಗೆ?"

"ಒಳ್ಳೇ ನೂಲೇ ಹಾಕಿದ್ದೆ," ಎನ್ನುತ್ತಾ ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಈಗಲೂ ಪೇಟೆಯಲ್ಲಿ ಎದುರಾದರೆ ಕೈ ಮುಗಿಯುತ್ತಾರೆ. ತಪ್ಪಾಯಿತು ಎಂದು ಮಾತ್ರ ಇನ್ನೂ ಹೇಳಿಲ್ಲ.