ಬೀಗವೂ ಅವರದೇ, ಕೀಲಿಕೈಯೂ ಅವರದೇ

ನಿವೃತ್ತಿಯಾಗಿ ವರ್ಷಗಳು ಕಳೆದರೂ ಎಲ್ಲರ ಬಾಯಲ್ಲೂ ಅವರು ಸಿಸ್ಟರ್. ಹಾಲಿನವನೂ ಸಿಸ್ಟರ್ ಅನ್ನುತ್ತಾನೆ, ಸ್ವಂತ ನಾದಿನಿಯೂ ಸಿಸ್ಟರ್ ಅನ್ನುತ್ತಾಳೆ. ಹೆರಿಗೆ ವಾರ್ಡಿನಲ್ಲಿ ದುಡಿದ ಅಷ್ಟೂ ಕಾಲ ಅವರಿಗೊಂದು ಹಟವಿತ್ತು. ಪರದೆ ಎಳೆಯದೆ, ಜೊತೆಗೆ ಬಂದವರನ್ನು ಆಚೆಗೆ ಕಳಿಸದೆ ಬಸುರಿಯನ್ನು ಒಂದು ಮಾತೂ ಕೇಳುತ್ತಿರಲಿಲ್ಲ. ಅತ್ತೆಯ ಎದುರಿಗೆ "ಊಟ ಸೇರತ್ತೆ, ನಿದ್ದೆ ಬರತ್ತೆ" ಎಂದು ಒಪ್ಪಿಸಿದವಳೇ ಪರದೆಯೊಳಗೆ ಬಟ್ಟೆ ಸರಿಸಿ ಬಾಸುಂಡೆ ತೋರಿಸಿದ್ದುಂಟು. ಡಾಕ್ಟರುಗಳು ಕೈಗಡಿಯಾರ ನೋಡಿಕೊಂಡು ಸಿಡಿಮಿಡಿಗುಟ್ಟಿದರೂ ಸಿಸ್ಟರ್ ಜಗ್ಗಿದವರಲ್ಲ.

ಮನೆಯಲ್ಲಿ ಸುಮ್ಮನೆ ಕೂತು ಕೈಕಾಲು ಹಿಡಿದುಕೊಳ್ಳುತ್ತಿದೆ ಎಂದು ಗೊಣಗುತ್ತಿದ್ದವರಿಗೆ ಒಂದು ವೆಬ್‌ಸೈಟ್ ಮಾಡಿಕೊಟ್ಟವಳು ಅಣ್ಣನ ಮಗಳು. ಅಂಗಡಿಗಳಿಗೆ, ಟ್ಯೂಷನ್ ಕ್ಲಾಸುಗಳಿಗೆ ವೆಬ್‌ಸೈಟ್ ಕಟ್ಟಿಕೊಡುವುದೇ ಅವಳ ಕಸುಬು. ಬಸುರಿ ಬಾಣಂತಿಯರು ಹೆಸರು ಹೇಳದೆ ಅಲ್ಲಿ ಪ್ರಶ್ನೆ ಕೇಳಬಹುದು, ಸಿಸ್ಟರ್ ಉತ್ತರ ಬರೆಯುತ್ತಾರೆ. ಒಂದು ಫೋನ್ ಕಂಪನಿ ಅದನ್ನು ತನ್ನ ಉಚಿತ ಸೇವೆಗೆ ಸೇರಿಸಿಕೊಂಡಿತು. ಫೋನಿಗೆ ಡೇಟಾ ಹಾಕಿಸದಿದ್ದರೂ ಆ ಪುಟ ತೆರೆಯುತ್ತದೆ. ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಲೋಕ ಇದು. ಷರತ್ತುಗಳನ್ನು ಕೂತು ಓದುವ ವ್ಯವಧಾನ ಸಿಸ್ಟರಿಗೂ ಇರಲಿಲ್ಲ.

ಹೀಗಿರುವಾಗ ಒಂದು ಸಂದೇಶ ಬಂತು. ಬರೆದವಳು ತನ್ನನ್ನು 'ಮೇಲ್ಮನೆಯವಳು' ಎಂದಷ್ಟೇ ಕರೆದುಕೊಂಡಿದ್ದಳು.

"ಸಿಸ್ಟರ್, ನಂಗೀಗ ಆರು ತಿಂಗಳು. ಒಂದು ವಿಷಯ ಕೇಳ್ಬೇಕು. ಇಲ್ಲಿ ಬರೆದಿದ್ದು ನಿಮ್ಮನ್ನ ಬಿಟ್ಟು ಬೇರೆ ಯಾರಿಗಾದ್ರೂ ಕಾಣತ್ತಾ? ನಮ್ಮನೆಯವ್ರು ಇದೇ ಫೋನ್ ಕಂಪನೀಲಿ ಕೆಲಸ ಮಾಡೋದು. ನನ್ನ ಫೋನಿಗೆ ಡೇಟಾ ಹಾಕ್ಸಲ್ಲ. ಯಾರಿಗೆ ಕಾಲ್ ಮಾಡ್ದೆ ಅಂತ ದಿನಾ ನೋಡ್ತಾರೆ. ಒಬ್ಬಳನ್ನೇ ಆಚೆ ಬಿಡಲ್ಲ. ನಂಗೆ ತೆರೆಯೋದು ಇದೊಂದೇ."

ಅವಳು ಏನು ಕೇಳಲಿದ್ದಾಳೆ ಎನ್ನುವುದು ಸಿಸ್ಟರಿಗೆ ಹೆಚ್ಚುಕಡಿಮೆ ಗೊತ್ತಾಗಿಹೋಯಿತು. ಎಷ್ಟು ಪೆಟ್ಟು, ಎಲ್ಲಿ, ಮಗು ಅಲ್ಲಾಡುತ್ತಿದೆಯೋ ಇಲ್ಲವೋ, ಅದು ಮಾತ್ರ ಅವಳೇ ಹೇಳಬೇಕು. ಅಣ್ಣನ ಮಗಳನ್ನು ಕೂಡಲೇ ಕರೆಸಿ ಓದಿಸಿದರು.

"ಕಾಣತ್ತೆ ಅತ್ತೆ," ಅಂದಳು ಅವಳು. "ನಮ್ಮ ಪುಟಕ್ಕೆ ಬೀಗ ಇಲ್ಲ. ಕಾರ್ಡಲ್ಲಿ ಬರೆದು ಅಂಚೆಗೆ ಹಾಕಿದ ಹಾಗೆ, ದಾರೀಲಿ ಕೈಗೆ ಸಿಕ್ಕೋರು ಓದ್ಬಹುದು. ಅವಳು ಈಗ ಕೇಳಿರೋದೂ ಸೇರಿ."

"ಮತ್ತೆ ಹಾಕೋದಲ್ವಾ ಬೀಗ?"

"ಹಾಕಿದ್ರೆ ಉಚಿತ ಕೊಡಲ್ಲ ಅಂದ್ರು ಕಂಪನಿಯವ್ರು. ನಿಮಗೆ ಹೇಳಿದ್ದೆ. ನೀವು ಹೂಂ ಅಂದ್ರಿ."

ಸಿಸ್ಟರ್ ತಮ್ಮ ಮೇಲಿನ ಸಿಟ್ಟನ್ನೆಲ್ಲ ಹೊತ್ತುಕೊಂಡು ಕಂಪನಿಯ ಕಚೇರಿಗೆ ಹೋದರು. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಕೈಗೊಂದು ಟೋಕನ್. ಉಚಿತ ಸೇವೆ ನೋಡಿಕೊಳ್ಳುವ ಅಧಿಕಾರಿಯದು ಬೆಣ್ಣೆಯಂಥ ಮಾತು. ಆ ಹೆಂಗಸಿನ ಸುದ್ದಿ ಅವನೆದುರು ಎತ್ತುವ ಹಾಗಿರಲಿಲ್ಲ. ಅವಳ ಗಂಡ ಅದೇ ಕಟ್ಟಡದಲ್ಲೇ ಕೂತಿರಬಹುದು, ಯಾರಿಗೆ ಗೊತ್ತು, ಇವನೇ ಇರಬಹುದು.

"ಮೇಡಂ, ಪುಕ್ಕಟೆ ಕೊಡ್ತಿರೋರು ನಾವು. ಒಳಗೆ ಏನು ಹೋಗ್ತಿದೆ ಅಂತ ನೋಡ್ದೆ ಹೇಗೆ ಕೊಡೋದು?"

"ಬಸ್ಸಲ್ಲಿ ಪುಕ್ಕಟೆ ಹತ್ತಿಸ್ಕೊಂಡ್ರೆ ಚೀಲ ಬಿಚ್ಚಿ ನೋಡ್ತಾರೇನಪ್ಪಾ?"

ಅವನು ನಕ್ಕ. ಮೇಲಿನವರಿಗೆ ಬರೀತೀನಿ ಅಂದ. ಮತ್ತೆ ಹೋದಾಗ ಮೇಲಿನವರು ಮೀಟಿಂಗಿನಲ್ಲಿದ್ದರು. ಆಮೇಲೆ ರಜೆಯಲ್ಲಿದ್ದರು. ಆಮೇಲೆ ಮೇಲಿನವರೇ ಬದಲಾಗಿ, ಹೊಸಬರಿಗೆ ಮೊದಲಿಂದ ಹೇಳಬೇಕಾಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿ ಬಾರಿಸಿ ಸಿಸ್ಟರಿಗೆ ಗಂಟಲು ಕಟ್ಟಿತು. ಅತ್ತ ಮೇಲ್ಮನೆಯವಳು "ಸಿಸ್ಟರ್, ಇದ್ದೀರಾ?" ಎಂದು ಕೇಳುವಳು. ಇತ್ತ ಇವರು "ಈಗಲೇ ಏನೂ ಬರೀಬೇಡ, ಸ್ವಲ್ಪ ತಾಳು ಮಗಳೇ" ಎಂದು ಬರೆಯುವರು. ಹೊಟ್ಟೆಯೊಳಗಿನ ಕೂಸು ಯಾರ ಮೀಟಿಂಗಿಗೂ ಕಾಯುವುದಿಲ್ಲ ಎನ್ನುವ ಸಂಕಟ ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ಕೊನೆಗೊಂದು ಬೆಳಿಗ್ಗೆ ಅಧಿಕಾರಿಯೇ ಫೋನ್ ಮಾಡಿದ. "ಮೇಡಂ, ಬೀಗ ಬಂತು. ಉಚಿತಾನೂ ಇರತ್ತೆ, ಭದ್ರತೆನೂ ಇರತ್ತೆ. ನೋಡ್ಕೊಳ್ಳಿ." ಸಿಸ್ಟರ್ ನೋಡಿದರು. ವಿಳಾಸದ ಪಕ್ಕದಲ್ಲಿ ಪುಟ್ಟ ಬೀಗದ ಚಿತ್ರ ಕೂತಿತ್ತು. ಅಷ್ಟು ದಿನ ಅಲೆದ ಕಾಲುಗಳ ನೋವೆಲ್ಲ ಮರೆತು, ಯಾರನ್ನೂ ಕೇಳದೆ ಬರೆದುಬಿಟ್ಟರು: "ಈಗ ಬೀಗ ಬಿದ್ದಿದೆ ಮಗಳೇ. ನೀನು, ನಾನು, ಅಷ್ಟೇ. ಧೈರ್ಯವಾಗಿ ಹೇಳು."

ಮಧ್ಯಾಹ್ನ ಬಂದ ಅಣ್ಣನ ಮಗಳು ಬೀಗದ ಚಿತ್ರವನ್ನು ಒತ್ತಿ ಏನೋ ಓದಿದಳು. ಅವಳ ಮುಖ ಸಣ್ಣದಾಯಿತು.

"ಅತ್ತೆ, ಇದು ನಮ್ಮ ಬೀಗ ಅಲ್ಲ, ಕಂಪನೀದು. ಅವಳ ಫೋನಿಂದ ಅವರವರೆಗೆ ಒಂದು ಬೀಗ, ಅವರಿಂದ ನಮ್ಮವರೆಗೆ ಇನ್ನೊಂದು. ಮಧ್ಯದಲ್ಲಿ ಅವರು ತೆಗೆದು ನೋಡಿ ಮತ್ತೆ ಹಾಕ್ತಾರೆ. ದಾರಿಹೋಕರು ಓದೋ ಹಾಗಿಲ್ಲ, ಅದು ನಿಜ. ಅವರು ಓದ್ಬಹುದು."

"ಅವಳು ಹೆದರ್ತಿರೋದೇ ಅವರಿಗಲ್ವೇನೇ?"

"ನಮ್ಮದೇ ಬೀಗ ಹಾಕ್ಬಹುದು. ಆಗ ಅವರಿಗೆ ಏನೂ ಕಾಣಲ್ಲ. ಉಚಿತಾನೂ ಹೋಗತ್ತೆ, ಅವಳಿಗೆ ಪುಟಾನೇ ತೆರೆಯಲ್ಲ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಸಿಸ್ಟರಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ತಾವು ಬರೆದ ಅಭಯವನ್ನು ತಾವೇ ಅಳಿಸಿದರು. "ಬೆಳಿಗ್ಗೆ ತಪ್ಪು ಹೇಳಿದೆ ಮಗಳೇ. ಕಂಪನಿಯವರಿಗೆ ಕಾಣತ್ತೆ. ಅವರಿಗೆ ಕಾಣಬಾರದ್ದು ಏನೂ ಬರೀಬೇಡ" ಎಂದು ಬರೆದು, ಅವಳು ಅಷ್ಟರೊಳಗೆ ಹೇಳಿಬಿಟ್ಟಿರದಿದ್ದರೆ ಸಾಕು ಎಂದು ಕಾದರು.

ಮರುದಿನ ಉತ್ತರ ಬಂತು. "ಸರಿ ಸಿಸ್ಟರ್. ಹಾಗಾದ್ರೆ ಕಾಲು ಊದತ್ತೆ, ಅದಕ್ಕೇನು ಮಾಡ್ಲಿ ಹೇಳಿ."

ಅದು ಅವಳ ಪ್ರಶ್ನೆಯಲ್ಲ ಎಂದು ಸಿಸ್ಟರಿಗೆ ತಿಳಿಯದೆ? ಬಹಳ ಹೊತ್ತು ಯೋಚಿಸಿ, ಯಾರು ಓದಿದರೂ ತಪ್ಪು ಹುಡುಕಲಾಗದ ಹಾಗೆ ಬರೆದರು: "ಎಂಟನೇ ತಿಂಗಳ ಊತ ಅಂದ್ರೆ ರಕ್ತದೊತ್ತಡ ಇರಬಹುದು. ತಡ ಮಾಡದೆ ಆಸ್ಪತ್ರೆಗೆ ಹೋಗ್ಲೇಬೇಕು. ತಪಾಸಣೆ ಕೋಣೆಗೆ ಬಸುರಿಯೊಬ್ಬಳನ್ನೇ ಬಿಡ್ತಾರೆ. ಅಲ್ಲಿರೋ ನರ್ಸ್ ಕೇಳಿದ್ದಕ್ಕೆಲ್ಲ ಉತ್ತರ ಹೇಳು."

ಸಂಜೆಗೆ ಒಂದೇ ಸಾಲು ಬಂತು. "ಊತ ಇಳಿದಿದೆ ಸಿಸ್ಟರ್, ಆಸ್ಪತ್ರೆ ಬೇಡ."

ಅದನ್ನು ಬರೆದವಳು ಮೇಲ್ಮನೆಯವಳೋ, ಅವಳ ಹೆಸರಿನಲ್ಲಿ ಬೇರೆ ಯಾರೋ, ತಿಳಿಯುವ ದಾರಿ ಸಿಸ್ಟರಿಗೆ ಇರಲಿಲ್ಲ.