ಕೆಸರೆಯ ಹಲಗೆ, ಮೂರು ತಂತಿ

ಮೈಸೂರಿಗೆ ಬಂದ ಮೂರನೆಯ ದಿನ ದಟ್ಟಗಳ್ಳಿಯ ದಿನಸಿ ಅಂಗಡಿಯಲ್ಲಿ ಜೋಳದ ಹಿಟ್ಟು ಕೇಳಿದೆ. ಅಂಗಡಿಯಾತ ನನ್ನ ಮುಖ ನೋಡಿ ಹಿಂದಿಯಲ್ಲಿ ಉತ್ತರ ಕೊಟ್ಟ. ನಾನು ಕೇಳಿದ್ದು ಕನ್ನಡದಲ್ಲಿ. ಮತ್ತೊಮ್ಮೆ ನಿಧಾನವಾಗಿ ಕೇಳಿದೆ. ಆತ ಮತ್ತೂ ಹಿಂದಿಯಲ್ಲೇ, ಈ ಸಲ ಇನ್ನಷ್ಟು ಗಟ್ಟಿಯಾಗಿ, ಹಿಟ್ಟು ಮುಗಿದಿದೆ ಎಂದ. ಹುಟ್ಟಿದಾಗಿನಿಂದ ಆಡಿದ ಮಾತು ನನ್ನದೇ ರಾಜ್ಯದಲ್ಲಿ ಪರಭಾಷೆಯಾಗಿತ್ತು.

ತಪ್ಪು ಆತನೊಬ್ಬನದೇ ಅಲ್ಲ. ನನ್ನದು ಕಲಬುರಗಿಯ ಮಾತು, ಅದೂ ಒಡೆದ ದನಿಯಲ್ಲಿ. ಇಲ್ಲಿಗೆ ಬರುವ ಹಿಂದಿನ ವರ್ಷ ಕುತ್ತಿಗೆಯಲ್ಲಿ ಗಂಟು ಬೆಳೆದು ಥೈರಾಯ್ಡ್ ಆಪರೇಷನ್ ಆಗಿತ್ತು. ಗಂಟು ಹೋಯಿತು, ಅದರ ಜೊತೆ ದನಿಯೂ ಹೋಯಿತು. ಮಾತಾಡಲು ಸಾಲುವಷ್ಟು ಉಳಿದಿದೆ, ಹಾಡಲು ಸಾಲದು. ಮೇಲಿನ ಸ್ವರಕ್ಕೆ ಹೋದರೆ ಬರೀ ಗಾಳಿ.

ಇಪ್ಪತ್ತು ವರ್ಷ ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ತತ್ವಪದ ಹಾಡಿದವಳು ನಾನು. ಆಪರೇಷನ್ ಆದ ಮೇಲೆ ಮಂಡಳಿಯ ಹಿರಿಯಳು ನೀಲಮ್ಮ ನನ್ನ ಕೈಗೆ ತಾಳ ಕೊಟ್ಟು ಪಕ್ಕದಲ್ಲೇ ಕೂರಿಸಿಕೊಂಡಳು. ಅವಳ ಪ್ರೀತಿ ನನಗೆ ಅರ್ಥವಾಗುತ್ತಿತ್ತು. ಆದರೂ ಪ್ರತಿ ಪದದ ಕೊನೆಗೆ ಎಲ್ಲರೂ ನನ್ನ ಕಡೆ ನೋಡಿ ಕಣ್ಣು ತಗ್ಗಿಸುತ್ತಿದ್ದುದನ್ನು ಸಹಿಸಲಾಗುತ್ತಿರಲಿಲ್ಲ. ಯಜಮಾನರಿಗೆ ಮೈಸೂರಿಗೆ ವರ್ಗವಾದಾಗ ಊರೆಲ್ಲ ಅಯ್ಯೋ ಎಂದಿತು. ಈಗ ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಹಗುರವಾಗಿತ್ತು. ನಾನು ಹಾಡುತ್ತಿದ್ದೆ ಎಂಬುದೇ ಗೊತ್ತಿಲ್ಲದ ಊರಿಗೆ ಹೊರಟಿದ್ದೆ.

ನಮ್ಮದು ಮಹಡಿ ಮನೆ. ಕೆಳಗೆ ಮನೆಯೊಡತಿ ಫಿಲೋಮಿನಾ ಇರುತ್ತಾರೆ. ಟೀಚರ್ ಕೆಲಸದಿಂದ ನಿವೃತ್ತರಾದ ಕ್ಯಾಥೊಲಿಕ್ ಹೆಂಗಸು, ಪ್ರತಿ ಭಾನುವಾರ ಚರ್ಚಿನ ಗಾಯನ ತಂಡದಲ್ಲಿ ಹಾಡುವವರು. ನಮ್ಮ ಕಡೆಯ ರೂಢಿಯಂತೆ ಅವರನ್ನು 'ಅಕ್ಕಾರ' ಎಂದು ಕರೆದೆ. "ಅಕ್ಕಾರ ಅಂದ್ರೆ ಅಕ್ಕ ಅಂತಲೇ ತಾನೆ? ಚೆನ್ನಾಗಿದೆ ಬುಡಿ, ಹಂಗೇ ಕರೀರಿ," ಎಂದರು. ಇಲ್ಲಿ 'ಬಿಡು' ಎನ್ನುವುದು 'ಬುಡು' ಆಗುತ್ತದೆ. ಮೊದಲ ತಿಂಗಳು ಅದು ಕಿವಿಗೆ ಬಿದ್ದಾಗಲೆಲ್ಲ ಯಾರೋ ಮರದ ಬುಡದ ಮಾತಾಡುತ್ತಿದ್ದಾರೆ ಎಂದೇ ಅನಿಸುತ್ತಿತ್ತು. ಅವರು ಮುದ್ದೆ, ಸೊಪ್ಪಿನ ಸಾರು ಕಳಿಸಿದರೆ ನಾನು ರೊಟ್ಟಿ, ಪುಂಡಿಪಲ್ಯ ಕಳಿಸುತ್ತಿದ್ದೆ. ನಮ್ಮಲ್ಲಿ ಊಟವನ್ನು ಅಗಿಯುತ್ತೇವೆ, ಇಲ್ಲಿ ನುಂಗುತ್ತಾರೆ. ಮುದ್ದೆ ನುಂಗುವುದನ್ನು ಕಲಿಯಲು ನನಗೆ ಒಂದು ಮಳೆಗಾಲವೇ ಬೇಕಾಯಿತು.

ಹಗಲು ಮಾತ್ರ ಉದ್ದ. ಕಲಬುರಗಿಯ ಓಣಿಯಲ್ಲಿ ಬಾಗಿಲು ತೆರೆದರೆ ನಾಲ್ಕು ಜನ ಮಾತಾಡಿಸುತ್ತಾರೆ. ಇಲ್ಲಿಯ ಬಡಾವಣೆಯಲ್ಲಿ ಎಲ್ಲರೂ ಸೌಮ್ಯವಾಗಿ ನಕ್ಕು ಗೇಟು ಹಾಕಿಕೊಳ್ಳುತ್ತಾರೆ. ಅಂಥ ಒಂದು ಮಧ್ಯಾಹ್ನ ಫೋನಿನಲ್ಲಿ ಒಂದು ವಾದ್ಯ ಕಂಡೆ. ಅಮೆರಿಕದ ಗುಡ್ಡಗಾಡಿನ ಮುದುಕಿಯೊಬ್ಬಳು ಉದ್ದನೆಯ ಮರದ ಪೆಟ್ಟಿಗೆಯನ್ನು ತೊಡೆಯ ಮೇಲೆ ಮಲಗಿಸಿ ಮೀಟುತ್ತಿದ್ದಳು. ವಾದ್ಯದ ಹೆಸರು ಡಲ್ಸಿಮರ್. ಸಂತೂರಿನಂತೆ ಕೋಲಿನಿಂದ ಬಡಿಯುವ ಡಲ್ಸಿಮರ್ ಬೇರೆ, ಇದು ಬೇರೆ. ಇದರ ಮೂರು ತಂತಿಗಳಲ್ಲಿ ಒಂದರ ಮೇಲೆ ಹಾಡು ನಡೆಯುತ್ತದೆ, ಉಳಿದೆರಡು ಷಡ್ಜ ಪಂಚಮ ಹಿಡಿದು ಗುಂಯ್ಗುಡುತ್ತಲೇ ಇರುತ್ತವೆ. ಕಣ್ಣು ಮುಚ್ಚಿ ಕೇಳಿದೆ. ನಮ್ಮ ಏಕತಾರಿಗೆ ಅಕ್ಕನೋ ತಂಗಿಯೋ ಸಿಕ್ಕಂತಾಯಿತು. ಅದನ್ನು ಬಡಗಿಯಲ್ಲದವರೂ ಅಗ್ಗದ ಮರದಲ್ಲಿ ಮನೆಯಲ್ಲೇ ಮಾಡಿಕೊಳ್ಳುತ್ತಾರೆ ಎಂದು ತಿಳಿದ ಮೇಲೆ ಸುಮ್ಮನೆ ಕೂರಲಾಗಲಿಲ್ಲ.

ಹತ್ತಿರದ ಮರದಂಗಡಿಗೆ ಹೋಗಿ "ಕಟಗಿ ಬೇಕಾಗಿತ್ರಿ" ಎಂದೆ. ಅವರು ಮರ್ಯಾದೆಯಿಂದಲೇ ಸೌದೆ ಡಿಪೋದ ದಾರಿ ತೋರಿಸಿದರು. ನಮ್ಮ ಕಡೆ ಬಾಗಿಲೂ ಕಟಗಿಯದೇ, ಒಲೆಗೆ ಹಾಕುವುದೂ ಕಟಗಿಯೇ. ಇಲ್ಲಿ ಕಟ್ಟಿಗೆ ಎಂದರೆ ಒಲೆಯ ಮಾತು. ಮನೆಗೆ ಬಂದು ಹೇಳಿದಾಗ ಫಿಲೋಮಿನಾ ನಕ್ಕು, ಕೆಸರೆಯಲ್ಲಿ ತಮಗೆ ಗೊತ್ತಿದ್ದ ಬಡಗಿ ಚಂದ್ರಣ್ಣನ ಬಳಿ ಕಳಿಸಿದರು.

ಚಂದ್ರಣ್ಣ ನನ್ನ ಫೋನಿನ ಚಿತ್ರವನ್ನು ಬಹಳ ಹೊತ್ತು ನೋಡಿದ. "ನಮ್ ಕೈಲಿ ಆಗೋದು ಕಿಟಕಿ ಬಾಗ್ಲು ಕಣಮ್ಮ. ವಾದ್ಯ ಗೀದ್ಯ ನಾ ಮಾಡಿಲ್ಲ."

"ನೀವು ಮಾಡೂದು ಬ್ಯಾಡ್ರಿ. ಹಲಗಿ ಸವರಿ ಕೊಡ್ರಿ ಸಾಕು. ನಾ ಮಾಡ್ತೀನಿ."

ಯಂತ್ರಗಳು ಬರುವ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆಗಳು ಮೂಲೆಯಲ್ಲಿ ಬಿದ್ದಿದ್ದವು. ಅವುಗಳಲ್ಲಿ ಗಂಟಿಲ್ಲದವನ್ನು ಆರಿಸಿ, ಬೆರಳಿನಿಂದ ತಟ್ಟಿ ಕಿವಿಗೊಟ್ಟು ನೋಡಿದೆ. ಅದನ್ನು ಕಂಡ ಮೇಲೆ ಚಂದ್ರಣ್ಣನ ಧಾಟಿ ಬದಲಾಯಿತು. ಪಕ್ಕದ ಪಟ್ಟಿಗಳನ್ನು ತಾನೇ ಸೀಳಿಕೊಟ್ಟ, ಮೇಲ್ಹಾಸಿಗೆ ತೆಳು ಪ್ಲೈವುಡ್ ಹುಡುಕಿಕೊಟ್ಟ. "ಅಂಟು ಹಾಕಿದ್ ಮ್ಯಾಕೆ ಒಂದಿನ ಮುಟ್ಬ್ಯಾಡಿ. ಅವಸ್ರ ಪಟ್ರೆ ಬಾಯ್ ಬುಡ್ತದೆ," ಎಂದು ಎಚ್ಚರಿಸಿದ.

ಮಹಡಿಯ ಬಾಲ್ಕನಿಯೇ ಕಾರ್ಖಾನೆಯಾಯಿತು. ಕೀಲು ಒಣಗುವ ತನಕ ಹಿಡಿದಿಡಲು ಬಟ್ಟೆಯ ಕ್ಲಿಪ್ಪು, ರೊಟ್ಟಿಯ ಕಲ್ಲು, ಯಜಮಾನರ ಕಡತಗಳು. ವೀಣೆಯಲ್ಲಿರುವಂತೆ ಸ್ವರಕ್ಕೊಂದು ಮೆಟ್ಟಿಲು ಬೇಕಲ್ಲ, ಅದಕ್ಕೆ ಸೈಕಲ್ ಚಕ್ರದ ಕಡ್ಡಿ ಕತ್ತರಿಸಿಕೊಂಡೆ. ಗಿಟಾರಿನ ತಂತಿ, ಅದನ್ನು ಬಿಗಿಯಲು ಗಿಟಾರಿನದೇ ಬಿರಡೆ. ತಂತಿಯ ಉದ್ದದ ಅರ್ಧಕ್ಕೆ ಮೇಲಿನ ಸ, ಮೂರನೇ ಒಂದು ಭಾಗಕ್ಕೆ ಪ, ಕಾಲು ಭಾಗಕ್ಕೆ ಮ. ಹಾಡುವಾಗ ಗಂಟಲಿಗೆ ತಾನಾಗಿ ತಿಳಿದಿದ್ದುದನ್ನು ಈಗ ಅಳತೆಪಟ್ಟಿ ಹಿಡಿದು ಕಲಿಯುತ್ತಿದ್ದೆ. ಕೊನೆಗೆ ತಂತಿಯನ್ನು ಎತ್ತಿ ಹಿಡಿಯುವ ಪುಟ್ಟ ಮರದ ತುಂಡು, ವೀಣೆಯವರು ಕುದುರೆ ಎನ್ನುವುದು, ಅದನ್ನು ಅಳತೆ ನೋಡದೆ, ಕಣ್ಣಿಗೆ ಚೆಂದ ಕಂಡ ಜಾಗದಲ್ಲಿ ಅಂಟಿಸಿಬಿಟ್ಟೆ.

ಮೀಟಿ ನೋಡಿದೆ. ನಾದ ತುಂಬಿ ಬರುತ್ತಿತ್ತು, ಸ್ವರ ಮಾತ್ರ ಅಪಸ್ವರ. ಎಲ್ಲ ಮೆಟ್ಟಿಲೂ ತಪ್ಪಿವೆ ಎಂದುಕೊಂಡೆ. ಗಂಟಲು ಹೋಯಿತು, ಕೈಯೂ ಹೋಯಿತು ಎಂದು ಅದನ್ನು ಸೀರೆಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದೆ.

ಎರಡು ದಿನ ಸದ್ದಿಲ್ಲದ್ದು ನೋಡಿ ಫಿಲೋಮಿನಾ ಮೇಲೆ ಬಂದರು. "ಏನಾಯ್ತು ಮಾದೇವಮ್ಮ? ತೆಗೀರಿ, ಕೇಳೋಣ."

ನುಡಿಸಿದೆ. ಅವರು ಕಣ್ಣು ಮುಚ್ಚಿ ಒಂದೊಂದೇ ಸ್ವರವನ್ನು ತಾವೂ ಹಾಡುತ್ತಾ ಹೋದರು. "ಕೆಳಗಡೆ ಅಷ್ಟೇನಿಲ್ಲ. ಮೇಲೆ ಹೋಗ್ತಾ ಹೋಗ್ತಾ ಜಾಸ್ತಿ ಏರ್ತಾ ಇದೆ ಕಣ್ರೀ. ಅಳತೆ ತಪ್ಪಿದ್ರೆ ಎಲ್ಲೋ ಒಂದೊಂದು ಸ್ವರ ಮಾತ್ರ ತಪ್ಪಬೇಕಿತ್ತಲ್ವಾ?"

ಆಗ ಹೊಳೆಯಿತು. ಮೆಟ್ಟಿಲು ಸರಿಯಿವೆ, ಕುದುರೆ ಇರಬೇಕಾದ್ದಕ್ಕಿಂತ ಮುಂದೆ, ಮೆಟ್ಟಿಲುಗಳ ಕಡೆಗೆ ಬಂದಿದೆ. ತಂತಿ ಗಿಡ್ಡವಾದ್ದರಿಂದ ಮೇಲಿನ ಸ್ವರಗಳು ಹೆಚ್ಚು ಕೆಟ್ಟಿವೆ. ತರಕಾರಿ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ ಅಂಟಿನೊಳಗೆ ತೂರಿಸಿದೆ. ತೆಳು ಪ್ಲೈವುಡ್ ಚಿಟ್ ಎಂದಾಗಲೆಲ್ಲ ಫಿಲೋಮಿನಾ ನನ್ನ ಭುಜ ಹಿಡಿದುಕೊಳ್ಳುತ್ತಿದ್ದರು. ಒಂದು ಗಂಟೆಯ ಮೇಲೆ ಕುದುರೆ ಬಿಟ್ಟುಕೊಂಡಿತು. ಈ ಸಲ ಅಂಟಿಸಲಿಲ್ಲ, ತಂತಿಯ ಬಿಗಿಗೇ ನಿಲ್ಲಿಸಿದೆ. ಅವರು ಮೇಲಿನ ಸ ಹಿಡಿದರು, ನಾನು ಕುದುರೆಯನ್ನು ಕೂದಲೆಳೆಯಷ್ಟು ಹಿಂದೆ ಸರಿಸುತ್ತಾ ಹೋದೆ. ಒಂದು ಜಾಗದಲ್ಲಿ ಅವರ ದನಿ, ನನ್ನ ತಂತಿ ಒಂದಾದವು.

ಹಾಗೇ ಒಂದು ತತ್ವಪದದ ಧಾಟಿ ನುಡಿಸಿದೆ. ಒಂದೂವರೆ ವರ್ಷದ ಮೇಲೆ ಆ ಮೇಲಿನ ಸ್ವರಕ್ಕೆ ಹೋಗಿ ನಿಂತೆ. ಅದು ಒಡೆಯಲಿಲ್ಲ.

"ನೀವು ಹಾಡೋರಾ?" ಎಂದು ಕೇಳಿದರು ಫಿಲೋಮಿನಾ.

"ಹಾಡ್ತಿದ್ದೆ ಅಕ್ಕಾರ," ಎಂದೆ. ಮೈಸೂರಿನಲ್ಲಿ ಅದನ್ನು ಯಾರಿಗಾದರೂ ಹೇಳಿದ್ದು ಅದೇ ಮೊದಲು.

ಆಮೇಲೆ ಅವರ ಮನೆಯ ಪ್ರಾರ್ಥನೆಗಳಲ್ಲಿ ಅವರ ಗೀತೆಗಳಿಗೂ ನುಡಿಸಿದೆ. ನನ್ನ ತತ್ವಪದಗಳನ್ನು ಅವರು ಬರೆದುಕೊಂಡು, ನನ್ನ ಉಚ್ಚಾರಣೆಯನ್ನೇ ಕಲಿತು ಹಾಡಿದರು. ಬೇಸಿಗೆಯಲ್ಲಿ ಡಲ್ಸಿಮರ್ ಹೊತ್ತು ಕಲಬುರಗಿಗೆ ಹೋದೆ. ಅಲ್ಲಿಯ ಬಿಸಿಲಿಗೆ ಒಂದು ಕೀಲು ಸಣ್ಣಗೆ ಬಾಯಿ ಬಿಟ್ಟಿತು. ಅಂಟು ತುಂಬಿ, ಚಂದ್ರಣ್ಣ ಹೇಳಿದಂತೆ ಒಂದು ದಿನ ಮುಟ್ಟದೆ ಕಾದು, ಮರುದಿನ ಮಂಡಳಿಯಲ್ಲಿ ಕುಳಿತೆ. ನಾನು ನುಡಿಸಿದೆ, ಎಲ್ಲರೂ ಹಾಡಿದರು. ಪದ ಮುಗಿದಾಗ ಯಾರೂ ಕಣ್ಣು ತಗ್ಗಿಸಲಿಲ್ಲ. "ಇನ್ನೊಂದು ಬಾರಿಸು," ಎಂದಳು ನೀಲಮ್ಮ.

ನಡುವೆ ನಾನೇನೋ "ಪರವಾಗಿಲ್ಲ ಬುಡು" ಎಂದುಬಿಟ್ಟೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. "ಮೈಸೂರೋರ ಹಂಗ ಮಾತಾಡ್ಲತ್ತಿ ನೋಡು," ಎಂದಳು ನೀಲಮ್ಮ. ನಾನೂ ನಕ್ಕೆ, ಆದರೆ ಆ ಮಾತು ಎಲ್ಲೋ ಚುಚ್ಚಿತು.

ಹೊರಡುವ ದಿನ ಅವಳು ಡಲ್ಸಿಮರನ್ನು ಮಡಿಲಿನಿಂದ ಇಳಿಸಲೇ ಇಲ್ಲ. "ಇದು ನಮ್ಮ ಮಂಡಳೀದು. ಇಲ್ಲೇ ಇರಲಿ. ಇದು ಇದ್ರ ನೀ ತಿರುಗಿ ಬರ್ತಿ." ಬಿರಡೆ ತಿರುಗಿಸಿ ಶ್ರುತಿ ಮಾಡುವುದನ್ನು ಹೇಳಿಕೊಟ್ಟು ರೈಲು ಹತ್ತಿದೆ.

ದಟ್ಟಗಳ್ಳಿಯಲ್ಲಿ ಗೇಟು ತೆರೆದ ಫಿಲೋಮಿನಾ ನನ್ನ ಮುಖಕ್ಕಿಂತ ಮೊದಲು ಕೈ ನೋಡಿದರು. "ಎಲ್ಲಿ ನಮ್ ವಾದ್ಯ?"

"ಊರಾಗ ಬಿಟ್ಟು ಬಂದೀನ್ರಿ."

ಅವರ ಮುಖ ಸಣ್ಣದಾಯಿತು. "ನಮ್ದಲ್ವಾ ಅದು?" ಎಂದರು ಮೆಲ್ಲಗೆ.

ಮರುದಿನ ಬೆಳಿಗ್ಗೆ ಕೆಸರೆಗೆ ಬಸ್ಸು ಹಿಡಿದೆ. ಚಂದ್ರಣ್ಣ ಹಲಗೆ ಆರಿಸುತ್ತಾ, "ಇನ್ನೊಂದಾ? ಇದು ಯಾರಿಗಮ್ಮ?" ಎಂದು ಕೇಳಿದ.

"ನನಗೇ," ಎಂದೆ. "ಅಲ್ಲೊಂದು ಐತಿ. ಇಲ್ಲೊಂದು ಬೇಕು."